ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ ಲೋಡ್ ಆಗದಿದ್ದರೆ ಎಲ್ಲಿ ಹುಡುಕಬೇಕು, ಏನು ಮಾಡಬಾರದು

ನಿನ್ನೆವರೆಗೆ ಇದ್ದ ಆ್ಯಪ್‌ಆರ್ಮರ್ (ಪ್ರೋಗ್ರಾಂಗಳಿಗೆ ಮಿತಿ ಹಾಕುವ ಸೆಕ್ಯುರಿಟಿ ಮಾಡ್ಯೂಲ್) ಇವತ್ತು ಕಾಣುತ್ತಿಲ್ಲ. ಬಿಪಿಎಫ್ (ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಬಳಸುವ ಸೆಕ್ಯುರಿಟಿ ಏಜೆಂಟ್ ಹಾಕಿದ್ದಾಗಿದೆ, ಎರರ್ ಒಂದೂ ಇಲ್ಲ, ಆದರೆ ಅದು ಯಾವುದನ್ನೂ ತಡೆಯುತ್ತಿಲ್ಲ. ಹಳೆಯ ಮಾಡ್ಯೂಲ್ ಒಂದಕ್ಕೆ ಇನ್ಸ್‌ಮಾಡ್ (ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್) ಕೊಟ್ಟರೆ ‘ಅನ್‌ನೋನ್ ಸಿಂಬಲ್’ ಅನ್ನುತ್ತದೆ. ಆ್ಯಪ್‌ಆರ್ಮರ್ ಥರದ್ದೇ ಆದ ಎಸ್‌ಇಲಿನಕ್ಸ್ ಮತ್ತೆ ಆನ್ ಮಾಡಿದ ಮೇಲೆ ಮೆಷಿನ್ ಲಾಗಿನ್‌ವರೆಗೆ ಬರುತ್ತಲೇ ಇಲ್ಲ.

ಈ ದೂರುಗಳು ಬೇರೆ ಬೇರೆ ಅನ್ನಿಸುತ್ತವೆ. ಆದರೆ ಹೆಚ್ಚಿನ ಸಲ ಬೇರು ಒಂದೇ. ಸೆಕ್ಯುರಿಟಿ ಮಾಡ್ಯೂಲನ್ನೂ ವೈಫೈ ಡ್ರೈವರ್ ಥರ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು ಅಂದುಕೊಂಡಿರುತ್ತೇವೆ. ಲಿನಕ್ಸ್‌ನಲ್ಲಿ ಅದು ಹಾಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಫೈಲ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ‘ಕಾನ್ಫಿಗ್_’ ಅಥವಾ ‘ಗ್ರಬ್_’ ಅಂತ ಶುರುವಾಗುವ ಹೆಸರುಗಳು, ಎಸ್‌ಇಲಿನಕ್ಸ್ ಕಾನ್ಫಿಗ್ ಫೈಲ್ ಒಳಗಿನ ‘ಎಸ್‌ಇಲಿನಕ್ಸ್=’ ಮಾತ್ರ ದೊಡ್ಡಕ್ಷರ.

ಯಾಕೆ ಹೀಗೆ?

ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್, ಅಂದರೆ ಎಲ್‌ಎಸ್‌ಎಂ ಚೌಕಟ್ಟು, 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್ ಜೊತೆ ಎಲ್ಲರ ಕೈಗೆ ಸಿಕ್ಕಿತು. ಫೈಲ್ ತೆರೆಯುವುದು, ಪ್ರೋಗ್ರಾಂ ಓಡಿಸುವುದು, ಸಾಕೆಟ್ ಕಟ್ಟುವುದು, ಇಂಥ ಕಡೆಗಳಲ್ಲೆಲ್ಲ ಕರ್ನಲ್ ಒಂದು ಹುಕ್ ಇಟ್ಟಿರುತ್ತದೆ. ಅಲ್ಲಿ ಸೆಕ್ಯುರಿಟಿ ಮಾಡ್ಯೂಲ್ ‘ಆಗಲಿ’ ಅಥವಾ ‘ಬೇಡ’ ಅನ್ನುತ್ತದೆ. ಆಗ ಇದನ್ನು ಓಡುತ್ತಿರುವ ಕರ್ನಲ್‌ಗೆ ಹೊರಗಿನಿಂದ ಲೋಡ್ ಮಾಡಲು ಆಗುತ್ತಿತ್ತು. 2008ರ ಜನವರಿಯಲ್ಲಿ ಬಂದ 2.6.24ರಲ್ಲಿ ಆ ಬಾಗಿಲು ಮುಚ್ಚಿದರು. ಜೇಮ್ಸ್ ಮಾರಿಸ್ ಅವರ ಬದಲಾವಣೆ ಅದು.

ಕಾರಣ ಗಟ್ಟಿಯಾಗಿಯೇ ಇತ್ತು. ಮಾಡ್ಯೂಲ್ ನಡುವೆ ಬಂದರೆ, ಅದಕ್ಕೂ ಮುಂಚೆ ಶುರುವಾದ ಪ್ರೋಸೆಸ್‌ಗಳಿಗೆ, ತೆರೆದ ಫೈಲ್‌ಗಳಿಗೆ ಅದರ ಗುರುತೇ ಇರುವುದಿಲ್ಲ. ನಡುವೆ ಹೊರಗೆ ಹೋದರೆ ಕಥೆ ಇನ್ನೂ ಕೆಟ್ಟದು. ಒಂದು ಸಿಪಿಯು ಹುಕ್ ಒಳಗಿರುವಾಗಲೇ ಆ ಕೋಡ್ ಮೆಮೊರಿಯಿಂದ ಮಾಯವಾಗಬಹುದು. ಜೊತೆಗೆ, ಸೆಕ್ಯುರಿಟಿ ಹುಕ್ ಅನ್ನುವುದು ರೂಟ್‌ಕಿಟ್ (ಸಿಸ್ಟಂ ಒಳಗೆ ಅಡಗಿ ಕೂರುವ ಕಳ್ಳ ಕೋಡ್) ಬರೆಯುವವರಿಗೂ ಅಷ್ಟೇ ಇಷ್ಟದ ಜಾಗ. ಇಷ್ಟೊಂದು ಮುಖ್ಯ ಕೆಲಸಗಳು ಅಲ್ಲಿಂದಲೇ ಹಾದುಹೋದರೆ ಯಾರಿಗೆ ಬೇಡ?

ಹಾಗಾಗಿ ಈಗ ಎಲ್‌ಎಸ್‌ಎಂಗಳು ಕರ್ನಲ್ ಕಂಪೈಲ್ ಆಗುವಾಗಲೇ ಒಳಗೆ ಸೇರಿರಬೇಕು. ಗೋಡೆ ಕಟ್ಟುವಾಗಲೇ ವೈರಿಂಗ್ ಪೈಪ್ ಹಾಕಿದ ಹಾಗೆ. ಬೂಟ್ ಶುರುವಿನಲ್ಲಿ ಯಾವುದು ಓಡಬೇಕು ಅಂತ ತೀರ್ಮಾನವಾಗುತ್ತದೆ. ಆಮೇಲೆ ಹುಕ್‌ಗಳ ಪಟ್ಟಿಯನ್ನು ಕರ್ನಲ್ ಓದಲು ಮಾತ್ರ ಬಿಡುತ್ತದೆ, ಬದಲಿಸಲು ಬಿಡುವುದಿಲ್ಲ. 2024ರಲ್ಲಿ ಟೊಮೊಯೊ ಅನ್ನುವ ಎಲ್‌ಎಸ್‌ಎಂ ಅನ್ನು ಲೋಡ್ ಮಾಡಬಹುದಾದ ಮಾಡ್ಯೂಲ್ ಆಗಿಸುವ ಪ್ರಯತ್ನ 6.12ರ ಆರ್‌ಸಿ, ಅಂದರೆ ಅಂತಿಮ ಬಿಡುಗಡೆಗೆ ಮುಂಚಿನ ಪರೀಕ್ಷಾ ಹಂತದವರೆಗೆ ಹೋಗಿತ್ತು. ಆಕ್ಷೇಪಗಳು ಬಂದು, ಅಂತಿಮ ಬಿಡುಗಡೆಗೆ ಮುಂಚೆಯೇ ವಾಪಸ್ ತೆಗೆದರು.

ಹಾಗಾದರೆ ‘ಲೋಡ್ ಆಗಿಲ್ಲ’ ಅಂತ ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆ ಮೂರು. ಕರ್ನಲ್ ಒಳಗೆ ಅದು ಇದೆಯೇ? ಬೂಟ್ ಆದಾಗ ಪಟ್ಟಿಯಲ್ಲಿ ಇತ್ತೇ? ಅದಕ್ಕೆ ಪಾಲಿಸಿ, ಅಂದರೆ ಜಾರಿ ಮಾಡಬೇಕಾದ ನಿಯಮಗಳು, ಸಿಕ್ಕಿದೆಯೇ? ಇದೇ ಕ್ರಮದಲ್ಲಿ ನೋಡಿ. ಕ್ರಮ ತಪ್ಪಿಸಿ ಮೂರನೆಯದರಿಂದ ಶುರು ಮಾಡಿದರೆ ಅರ್ಧ ದಿನ ಸುಮ್ನೆ ಹೋಗುತ್ತದೆ.

ಮೊದಲ ನೋಟ

ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಕಮಾಂಡ್ ಕೊಟ್ಟು ಹುಡುಕಬೇಡಿ. ಕರ್ನಲ್ ಒಳಗೇ ಸೇರಿದ ಎಸ್‌ಇಲಿನಕ್ಸ್ ಆಗಲಿ ಆ್ಯಪ್‌ಆರ್ಮರ್ ಆಗಲಿ ಅಲ್ಲಿ ಕಾಣುವುದೇ ಇಲ್ಲ. ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ಏನೂ ಕೆಟ್ಟಿಲ್ಲ.

ನೋಡಬೇಕಾದ್ದು /ಸಿಸ್/ಕರ್ನಲ್/ಸೆಕ್ಯುರಿಟಿ/ಎಲ್‌ಎಸ್‌ಎಂ ಫೈಲನ್ನು. ಉಬುಂಟು 22.04ರಲ್ಲಿ ಸಾಮಾನ್ಯವಾಗಿ ಲಾಕ್‌ಡೌನ್, ಕೇಪಬಿಲಿಟಿ, ಲ್ಯಾಂಡ್‌ಲಾಕ್, ಯಾಮಾ, ಆ್ಯಪ್‌ಆರ್ಮರ್ ಅಂತ ಕಾಮಾ ಹಾಕಿದ ಒಂದೇ ಸಾಲು ಬರುತ್ತದೆ. ಈ ಸಾಲಿನಲ್ಲಿ ಇರುವುದೇ ಓಡುತ್ತಿರುವುದು. ಇಲ್ಲದ್ದು ಓಡುತ್ತಿಲ್ಲ. ಬೇರೆ ಯಾವ ಟೂಲ್ ಏನೇ ಹೇಳಲಿ, ಇದನ್ನೇ ನಂಬಿ.

ಆ ಫೋಲ್ಡರೇ ಖಾಲಿ ಇದ್ದರೆ ಗಾಬರಿ ಬೇಡ. ಈ ಫೈಲ್‌ಗಳನ್ನು ತೋರಿಸುವ ಸೆಕ್ಯುರಿಟಿಎಫ್‌ಎಸ್ ಮೌಂಟ್ ಆಗಿರುವುದಿಲ್ಲ ಅಷ್ಟೇ. ಕಂಟೇನರ್ ಒಳಗೆ ನಿಂತು ನೋಡಿದರೆ ಹೀಗಾಗುವುದು ಜಾಸ್ತಿ. ಹೋಸ್ಟ್‌ಗೆ ಹೋಗಿ ನೋಡಿ.

ನಂತರ /ಬೂಟ್ ಒಳಗೆ ಈಗಿನ ಕರ್ನಲ್‌ನ ಕಾನ್ಫಿಗ್ ಫೈಲ್ ತೆರೆಯಿರಿ. ‘ಕಾನ್ಫಿಗ್_ಎಲ್‌ಎಸ್‌ಎಂ’ ಅನ್ನುವ ಸಾಲಿನಲ್ಲಿ ಡಿಸ್ಟ್ರೋದವರು (ಉಬುಂಟು, ಫೆಡೋರಾ ಥರ ಲಿನಕ್ಸ್ ಕಟ್ಟಿ ಕೊಡುವವರು) ಇಟ್ಟ ಪಟ್ಟಿ ಇರುತ್ತದೆ. ನಿಮಗೆ ಬೇಕಾದ ಮಾಡ್ಯೂಲ್‌ನ ಕಾನ್ಫಿಗ್ ಸಾಲಿನ ಕೊನೆಯಲ್ಲಿ ‘ವೈ’ ಇದೆಯೇ ಅಂತಲೂ ನೋಡಿ. ಇಲ್ಲದಿದ್ದರೆ ಬೂಟ್ ಪ್ಯಾರಾಮೀಟರ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ, ಬೇರೆ ಕರ್ನಲ್ಲೇ ಬೇಕು. ಕರ್ನಲ್ ಹಳೆಯದಾದರೆ ಆವೃತ್ತಿ ನೆನಪಿಡಿ: ಆ್ಯಪ್‌ಆರ್ಮರ್ ಬಂದದ್ದು 2.6.36ರಲ್ಲಿ, ಯಾಮಾ 3.4ರಲ್ಲಿ, ಲಾಕ್‌ಡೌನ್ 5.4ರಲ್ಲಿ, ಬಿಪಿಎಫ್ ಎಲ್‌ಎಸ್‌ಎಂ 2020ರ 5.7ರಲ್ಲಿ, ಲ್ಯಾಂಡ್‌ಲಾಕ್ 2021ರ 5.13ರಲ್ಲಿ.

ಏಜೆಂಟ್ ಹಾಕಿದೆ, ಎರರ್ ಇಲ್ಲ, ತಡೆಯುತ್ತಲೂ ಇಲ್ಲ

ನನ್ನ ಲೆಕ್ಕದಲ್ಲಿ ಈ ಎಲ್ಲದರಲ್ಲಿ ಅಪಾಯದ ತೊಂದರೆ ಇದೇ. ಯಾಕೆಂದರೆ ಇದು ಸದ್ದೇ ಮಾಡುವುದಿಲ್ಲ.

ಬಿಪಿಎಫ್ ಎಲ್‌ಎಸ್‌ಎಂ ಬಂದ ಮೇಲೆ ಓಡುತ್ತಿರುವ ಕರ್ನಲ್‌ಗೂ ಸೆಕ್ಯುರಿಟಿ ನಿಯಮ ಸೇರಿಸುವ ಒಂದು ಸರಿಯಾದ ದಾರಿ ಸಿಕ್ಕಿತು. ಕೋಡ್ ಒಳಗೆ ಹೋಗುವ ಮುಂಚೆ ವೆರಿಫೈಯರ್ ಅದನ್ನು ಪರೀಕ್ಷೆ ಮಾಡುತ್ತದೆ. ಹೊರಗೆ ತೆಗೆಯುವುದಕ್ಕೂ ಕರ್ನಲ್ಲೇ ಜವಾಬ್ದಾರಿ. ಆದರೆ ಒಂದು ಷರತ್ತು ಇದೆ. ಬೂಟ್ ಪಟ್ಟಿಯಲ್ಲಿ ‘ಬಿಪಿಎಫ್’ ಇರಲೇಬೇಕು. ಅದು ಇಲ್ಲದಿದ್ದರೂ ‘ಕಾನ್ಫಿಗ್_ಬಿಪಿಎಫ್_ಎಲ್‌ಎಸ್‌ಎಂ’ ಆನ್ ಇದ್ದರೆ ಪ್ರೋಗ್ರಾಂ ಲೋಡ್ ಆಗುತ್ತದೆ, ಅಟ್ಯಾಚ್ ಕೂಡ ಆಗುತ್ತದೆ. ಎರಡಕ್ಕೂ ಯಶಸ್ಸು ಅಂತಲೇ ಉತ್ತರ ಬರುತ್ತದೆ. ಆದರೆ ಆ ಹುಕ್ ಅನ್ನು ಯಾರೂ ಕರೆಯುವುದಿಲ್ಲ. ಡ್ಯಾಶ್‌ಬೋರ್ಡ್ ಹಸಿರು, ಕಾವಲು ಸೊನ್ನೆ.

ಪತ್ತೆ ಮಾಡುವ ಬಗೆ ಹೀಗೆ. ಬಿಪಿಎಫ್‌ಟೂಲ್ ಪ್ರಾಗ್ ಶೋ ಕೊಟ್ಟರೆ ‘ಎಲ್‌ಎಸ್‌ಎಂ’ ಬಗೆಯ ಪ್ರೋಗ್ರಾಂಗಳು ಕಾಣುತ್ತವೆ. ಸಿಸ್‌ಸಿಟಿಎಲ್‌ನಲ್ಲಿ ‘ಕರ್ನಲ್.ಬಿಪಿಎಫ್_ಸ್ಟ್ಯಾಟ್ಸ್_ಎನೇಬಲ್ಡ್’ ಅನ್ನು 1 ಮಾಡಿ. ಏಜೆಂಟ್ ತಡೆಯಬೇಕಾದ ಕೆಲಸವನ್ನು ನೀವೇ ಟೆಸ್ಟ್ ಮೆಷಿನ್‌ನಲ್ಲಿ ಮಾಡಿ. ಮತ್ತೆ ಅದೇ ಕಮಾಂಡ್ ಕೊಡಿ. ಪ್ರೋಗ್ರಾಂ ಓಡಿದ್ದರೆ ‘ರನ್_ಸಿಎನ್‌ಟಿ’ ಎಣಿಕೆ ಕಾಣಿಸಿಕೊಳ್ಳುತ್ತದೆ. ಕಾಣದಿದ್ದರೆ ಹುಕ್ ಕರೆಯೇ ಆಗಿಲ್ಲ, ಪಟ್ಟಿ ನೋಡಿ. ಎಣಿಕೆ ಏರುತ್ತಿದ್ದರೂ ತಡೆ ಆಗುತ್ತಿಲ್ಲ ಅಂದರೆ ತೊಂದರೆ ಕರ್ನಲ್‌ನದಲ್ಲ. ಏಜೆಂಟ್‌ನ ನಿಯಮದಲ್ಲಿದೆ, ಅಥವಾ ಅದು ಬರೀ ಲಾಗ್ ಮಾಡುವ ಮೋಡ್‌ನಲ್ಲಿದೆ. ಕೆಲಸ ಮುಗಿದ ಮೇಲೆ ಆ ಸೆಟ್ಟಿಂಗ್ ವಾಪಸ್ 0 ಮಾಡಿ, ಅದು ಸ್ವಲ್ಪ ಭಾರ ಹೇರುತ್ತದೆ.

ಏಜೆಂಟ್ ಲೋಡ್ ಆಗುವಾಗಲೇ ಬಿಟಿಎಫ್ (ಕರ್ನಲ್‌ನ ಡೇಟಾ ಬಗೆಗಳ ವಿವರ) ಸಿಗಲಿಲ್ಲ ಅಂತ ಕೂಗಿದರೆ /ಸಿಸ್/ಕರ್ನಲ್/ಬಿಟಿಎಫ್ ಒಳಗೆ ವಿಎಂಲಿನಕ್ಸ್ ಫೈಲ್ ಇದೆಯೇ ನೋಡಿ. ಇಲ್ಲದಿದ್ದರೆ ಆ ಕರ್ನಲ್‌ನ ಬಿಲ್ಡ್‌ನಲ್ಲೇ ಅದನ್ನು ಬಿಟ್ಟಿದ್ದಾರೆ. ಇದು ಕೂಗುವ ತೊಂದರೆ, ಪರವಾಗಿಲ್ಲ.

ಇನ್ನೊಂದು ಸಣ್ಣ ವಿಷಯ. ಏಜೆಂಟ್ ಕ್ರ್ಯಾಶ್ ಆದಾಗ ನಿಯಮಗಳೂ ಮಾಯವಾಗುತ್ತವೆಯೇ? ಪ್ರೋಗ್ರಾಂ ಅನ್ನು ಹುಕ್‌ಗೆ ಕಟ್ಟುವ ಲಿಂಕ್ ಅನ್ನು /ಸಿಸ್/ಎಫ್‌ಎಸ್/ಬಿಪಿಎಫ್ ಒಳಗೆ ಪಿನ್ ಮಾಡಿಲ್ಲದಿದ್ದರೆ ಹಾಗೇ ಆಗುವುದು. ಹಿಡಿದುಕೊಂಡಿದ್ದ ಪ್ರೋಸೆಸ್ ಹೋಯಿತು, ಲಿಂಕ್ ಕೂಡ ಹೋಯಿತು.

‘ಬಿಪಿಎಫ್ ಸೇರಿಸಿದೆ, ಆ್ಯಪ್‌ಆರ್ಮರ್ ಹೋಯಿತು’

ಮೇಲಿನ ತೊಂದರೆಗೆ ಮದ್ದು ಮಾಡಲು ಹೋಗಿ ಹುಟ್ಟುವ ಹೊಸ ರೋಗ ಇದು. ಪಟ್ಟಿಯಲ್ಲಿ ಬಿಪಿಎಫ್ ಇಲ್ಲ ಅಂತ ಗೊತ್ತಾಗುತ್ತದೆ. ಕರ್ನಲ್ ಎಬ್ಬಿಸುವ ಬೂಟ್ ಲೋಡರ್ ಗ್ರಬ್‌ನ ಫೈಲ್‌ಗೆ ‘ಎಲ್‌ಎಸ್‌ಎಂ=ಬಿಪಿಎಫ್’ ಅಂತ ಸೇರಿಸಿ ರೀಬೂಟ್ ಮಾಡುತ್ತಾರೆ. ಏಜೆಂಟ್ ಚೆನ್ನಾಗಿ ಓಡುತ್ತದೆ. ಎಲ್ಲರಿಗೂ ಖುಷಿ.

ಆದರೆ ‘ಎಲ್‌ಎಸ್‌ಎಂ=’ ಅನ್ನುವುದು ಪಟ್ಟಿಗೆ ಸೇರಿಸುವುದಿಲ್ಲ. ಡಿಸ್ಟ್ರೋ ಕೊಟ್ಟ ಇಡೀ ಪಟ್ಟಿಯನ್ನು ಅಳಿಸಿ ತನ್ನದನ್ನು ಇಡುತ್ತದೆ. ಹಾಗಾಗಿ ಆ ಒಂದು ಪದದಿಂದ ಆ್ಯಪ್‌ಆರ್ಮರ್, ಯಾಮಾ, ಲ್ಯಾಂಡ್‌ಲಾಕ್ ಮೂರೂ ಹೋದವು. ಕೇಪಬಿಲಿಟಿ ಮಾತ್ರ ಯಾವತ್ತೂ ಇರುತ್ತದೆ, ಅದನ್ನು ಬರೆಯಬೇಕಾಗಿಲ್ಲ. ಇದರ ಪರಿಣಾಮ ಬೇಗ ಕಣ್ಣಿಗೆ ಬೀಳುವುದಿಲ್ಲ. ಡಾಕರ್ ಕಂಟೇನರ್‌ಗಳು ತಮ್ಮ ಮಾಮೂಲಿ ಆ್ಯಪ್‌ಆರ್ಮರ್ ಪ್ರೊಫೈಲ್ ಇಲ್ಲದೆಯೇ ಆರಾಮಾಗಿ ಏಳುತ್ತವೆ. /ಪ್ರಾಕ್/ಸಿಸ್/ಕರ್ನಲ್/ಯಾಮಾ ಫೋಲ್ಡರ್ ಇಲ್ಲವಾಗಿರುತ್ತದೆ. ಅಂದರೆ ಒಬ್ಬ ಯೂಸರ್‌ನ ಒಂದು ಪ್ರೋಸೆಸ್ ಅದೇ ಯೂಸರ್‌ನ ಇನ್ನೊಂದರ ಮೆಮೊರಿಯೊಳಗೆ ಡೀಬಗ್ ಮಾಡಲು ಇರುವ ಪಿಟ್ರೇಸ್‌ನಿಂದ ಇಣುಕುವುದಕ್ಕೆ ಇದ್ದ ಅಡ್ಡಿಯೂ ಹೋಯಿತು. ಕಾವಲು ಹೆಚ್ಚಿಸಲು ಹೋಗಿ ಇದ್ದ ಕಾವಲೂ ಕಡಿಮೆ ಆಯಿತು ಅಲ್ವಾ?

ಸರಿಯಾದ ಕ್ರಮ: ‘ಕಾನ್ಫಿಗ್_ಎಲ್‌ಎಸ್‌ಎಂ’ ಸಾಲಿನಲ್ಲಿರುವುದನ್ನು ಹಾಗೇ ನಕಲು ಮಾಡಿ, ಕೊನೆಯಲ್ಲಿ ಕಾಮಾ ಹಾಕಿ ಬಿಪಿಎಫ್ ಸೇರಿಸಿ. ನಡುವೆ ಸ್ಪೇಸ್ ಬೇಡ. ಬೇರೆ ಸರ್ವರ್‌ನಿಂದ ಅಥವಾ ಯಾವುದೋ ಟೂಲ್‌ನ ಸೂಚನೆ ಪುಟದಿಂದ ಪಟ್ಟಿಯನ್ನು ತಂದು ಅಂಟಿಸಬೇಡಿ. ಫೆಡೋರಾದ ಪಟ್ಟಿ ಉಬುಂಟುವಿಗೆ ಹೊಂದುವುದಿಲ್ಲ.

ಅಕ್ಷರ ತಪ್ಪಾದರೂ ಇಲ್ಲಿ ಬೂಟ್ ನಿಲ್ಲುವುದಿಲ್ಲ. ಗೊತ್ತಿಲ್ಲದ ಹೆಸರನ್ನು ಕರ್ನಲ್ ಬಿಟ್ಟು ಮುಂದೆ ಹೋಗುತ್ತದೆ. ಆ್ಯಪ್‌ಆರ್ಮರ್ ಸ್ಪೆಲ್ಲಿಂಗ್‌ನಲ್ಲಿ ಒಂದು ‘ಪಿ’ ಬಿಟ್ಟರೆ ಸಾಕು, ಆ್ಯಪ್‌ಆರ್ಮರ್ ಇಲ್ಲದ ಮೆಷಿನ್ ತಯಾರು. ಅನುಮಾನ ಇದ್ದರೆ ಬೂಟ್ ಸಾಲಿಗೆ ‘ಎಲ್‌ಎಸ್‌ಎಂ.ಡೀಬಗ್’ ಸೇರಿಸಿ. ಯಾವ ಹೆಸರು ಎಲ್ಲಿಂದ ಬಂತು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದೆಲ್ಲ ಡಿಮೆಸೇಜ್ (ಡಿಎಂಇಎಸ್‌ಜಿ) ಕಮಾಂಡ್ ತೋರಿಸುವ ಕರ್ನಲ್ ಲಾಗ್‌ನಲ್ಲಿ ಬರುತ್ತದೆ. ಇಷ್ಟು ಉಪಕಾರಿ ಪ್ಯಾರಾಮೀಟರ್ ಇದೆ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ.

ಪ್ಯಾರಾಮೀಟರ್ ಹಾಕಿದೆ, ಪಟ್ಟಿ ಬದಲಾಗಲಿಲ್ಲ

/ಪ್ರಾಕ್/ಸಿಎಂಡಿಲೈನ್ ನೋಡಿ. ನೀವು ಬರೆದದ್ದು ಅಲ್ಲಿ ಇಲ್ಲದಿದ್ದರೆ ಅದು ಕರ್ನಲ್‌ಗೆ ತಲುಪಿಯೇ ಇಲ್ಲ. ಉಬುಂಟು, ಡೆಬಿಯನ್‌ನಲ್ಲಿ ಅಪ್‌ಡೇಟ್-ಗ್ರಬ್ ಓಡಿಸಲು ಮರೆತಿರುತ್ತಾರೆ. ಫೆಡೋರಾ, ರೆಡ್‌ಹ್ಯಾಟ್ ಬಳಗದಲ್ಲಿ ಗ್ರಬ್ಬಿ ಬಳಸುವುದು ಸುಲಭ. ಉಬುಂಟು ಕ್ಲೌಡ್ ಇಮೇಜ್‌ನಲ್ಲಿ ಇನ್ನೊಂದು ಗುಂಡಿ ಇದೆ. /ಇಟಿಸಿ/ಡೀಫಾಲ್ಟ್/ಗ್ರಬ್.ಡಿ ಒಳಗೆ 50 ಅಂತ ಶುರುವಾಗುವ ಕ್ಲೌಡ್ ಇಮೇಜ್ ಸೆಟ್ಟಿಂಗ್ಸ್ ಫೈಲ್ ಇರುತ್ತದೆ. ನೀವು ಮುಖ್ಯ ಫೈಲ್‌ನ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್’ ಸಾಲಿನಲ್ಲಿ ಬರೆದದ್ದನ್ನು ಅದು ಆಮೇಲೆ ಬಂದು ಮೆಟ್ಟಿಬಿಡುತ್ತದೆ. ಅದೇ ಫೋಲ್ಡರ್‌ನಲ್ಲಿ 99ರಿಂದ ಶುರುವಾಗುವ ನಿಮ್ಮದೇ ಫೈಲ್ ಇಡಿ. ಹಳೆಯ ಬೆಲೆಯನ್ನು ಉಳಿಸಿಕೊಂಡು ಅದರ ಮುಂದೆ ಸೇರಿಸಿ.

ಸಾಲು ತಲುಪಿದೆ, ಆದರೂ ಬೇಕಾದದ್ದು ಇಲ್ಲ ಅಂದರೆ ಎರಡು ಅನುಮಾನ. ಒಂದು, ಎಸ್‌ಇಲಿನಕ್ಸ್, ಆ್ಯಪ್‌ಆರ್ಮರ್, ಸ್ಮ್ಯಾಕ್ ಮೂರರಲ್ಲಿ ಒಂದಕ್ಕೆ ಮಾತ್ರ ಜಾಗ. ಎರಡನ್ನು ಬರೆದರೆ ಮೊದಲು ಬರೆದದ್ದು ಗೆಲ್ಲುತ್ತದೆ. ಇನ್ನೊಂದು, ಹಳೆಯ ‘ಸೆಕ್ಯುರಿಟಿ=’ ಪ್ಯಾರಾಮೀಟರ್ ಕೂಡ ಸಾಲಿನಲ್ಲಿ ಉಳಿದಿರಬಹುದು. 2019ರ 5.1ರಿಂದ ‘ಎಲ್‌ಎಸ್‌ಎಂ=’ ಬಂದಿದೆ. ಎರಡೂ ಇದ್ದರೆ ಹಳೆಯದನ್ನು ಕೈಬಿಡುತ್ತೇನೆ ಅಂತ ಕರ್ನಲ್ ಲಾಗ್‌ನಲ್ಲೇ ಹೇಳುತ್ತದೆ.

ಅನ್‌ನೋನ್ ಸಿಂಬಲ್

ಹಳೆಯ ಪಾಠ ಓದಿ ಎಲ್‌ಎಸ್‌ಎಂ ಬರೆದವರಿಗೆ, ಹಳೆಯ ಕೋಡ್ ಕಂಪೈಲ್ ಮಾಡುವವರಿಗೆ ಬರುವ ಎರರ್. ಸಿಗದ ಸಿಂಬಲ್‌ನ ಹೆಸರು ‘ಸೆಕ್ಯುರಿಟಿ_ಆ್ಯಡ್_ಹುಕ್ಸ್’ ಅಥವಾ ತುಂಬ ಹಳೆಯದಾದರೆ ‘ರಿಜಿಸ್ಟರ್_ಸೆಕ್ಯುರಿಟಿ’ ಆಗಿದ್ದರೆ ಅಲ್ಲಿಗೆ ಪತ್ತೆ ಮುಗಿಯಿತು. ಹೊರಗಿನ ಮಾಡ್ಯೂಲ್‌ಗೆ ಅದನ್ನು ಕೊಡುವುದಿಲ್ಲ ಅಂತಲೇ ತೀರ್ಮಾನವಾಗಿದೆ, ಇದು ದೋಷವಲ್ಲ.

ಇಲ್ಲಿಂದ ಮುಂದೆ ಜನ ಹಿಡಿಯುವ ಅಡ್ಡದಾರಿ ನೋಡಿ. ‘ಕಾಲ್‌ಸಿಮ್ಸ್_ಲುಕ್ಅಪ್_ನೇಮ್’ ಬಳಸಿ ಸಿಂಬಲ್‌ನ ವಿಳಾಸ ಹುಡುಕುತ್ತಾರೆ. 5.7ರಿಂದ ಅದನ್ನೂ ಹೊರಗೆ ಕೊಡುವುದು ನಿಲ್ಲಿಸಿದರು. ಆಗ ಡೀಬಗ್‌ಗೆ ಇರುವ ಕೆಪ್ರೋಬ್ ಹಾಕಿ ವಿಳಾಸ ತೆಗೆಯುತ್ತಾರೆ. ಆಮೇಲೆ ಹುಕ್ ಪಟ್ಟಿಗೆ ಬರೆಯಲು ಹೋದರೆ ಆ ಪುಟ ಓದಲು ಮಾತ್ರ ಇರುವುದರಿಂದ ಕರ್ನಲ್ ಪೇಜ್ ಫಾಲ್ಟ್ ಕೊಟ್ಟು ಬೀಳುತ್ತದೆ. ಎಕ್ಸ್86ರಲ್ಲಿ ಸಿಆರ್0 ರಿಜಿಸ್ಟರ್‌ನ ರೈಟ್ ಪ್ರೊಟೆಕ್ಟ್ ಬಿಟ್ ತೆಗೆದು ಬರೆಯೋಣ ಅಂದರೆ, 5.3ರಿಂದ ಆ ಬಿಟ್ ಕೂಡ ಪಿನ್ ಆಗಿದೆ. ಇಷ್ಟೆಲ್ಲ ದಾಟಿ ಗೆದ್ದರೂ ನಿಮ್ಮ ಕೈಯಲ್ಲಿರುವುದು ರೂಟ್‌ಕಿಟ್ ಮಾಡುವ ಕೆಲಸವೇ. ಪ್ರೊಡಕ್ಷನ್ ಮೆಷಿನ್‌ನಲ್ಲಿ ಇದನ್ನು ಬೇಡವೇ ಬೇಡ ಅನ್ನುತ್ತೇನೆ. ಲಾಜಿಕ್ ಚಿಕ್ಕದಾಗಿದ್ದರೆ ಬಿಪಿಎಫ್ ಎಲ್‌ಎಸ್‌ಎಂಗೆ ಬರೆಯಿರಿ. ಒಂದು ಆ್ಯಪ್ ತನ್ನನ್ನು ತಾನೇ ಕಟ್ಟಿಹಾಕಿಕೊಂಡರೆ ಸಾಕು ಅಂದರೆ ಲ್ಯಾಂಡ್‌ಲಾಕ್ ಇದೆ, ಅದಕ್ಕೆ ರೂಟ್ ಕೂಡ ಬೇಡ. ಎರಡೂ ಆಗದಿದ್ದರೆ ಕರ್ನಲ್ ಒಳಗೇ ಸೇರಿಸಿ ನೀವೇ ಕಂಪೈಲ್ ಮಾಡಿ.

ಸಹಿ, ಲಾಕ್‌ಡೌನ್, ಅನುಮತಿ

ಕೆಲವು ಸೆಕ್ಯುರಿಟಿ ಉತ್ಪನ್ನಗಳು ಎಲ್‌ಎಸ್‌ಎಂ ಆಗಿರುವುದಿಲ್ಲ. ಹೊರಗಿನ ಮಾಮೂಲಿ ಕರ್ನಲ್ ಮಾಡ್ಯೂಲ್ ಆಗಿರುತ್ತವೆ. ಅವುಗಳ ತೊಂದರೆಯನ್ನು ಎರರ್ ಸಾಲೇ ಹೇಳುತ್ತದೆ, ಆದ್ದರಿಂದ ಬೇಗ ಮುಗಿಸುತ್ತೇನೆ.

‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಬಂದರೆ ಬಹುಪಾಲು ಕರ್ನಲ್ ಅಪ್‌ಡೇಟ್ ಆಗಿ ಮಾಡ್ಯೂಲ್ ಹಳೆಯದೇ ಉಳಿದಿದೆ. ಹೆಡರ್ ಪ್ಯಾಕೇಜ್ ಇದೆಯೇ, ಡಿಕೆಎಂಎಸ್ (ಹೊಸ ಕರ್ನಲ್‌ಗೆ ಮಾಡ್ಯೂಲ್ ಮತ್ತೆ ಕಟ್ಟುವ ಟೂಲ್) ಸರಿಯಾಗಿ ಬಿಲ್ಡ್ ಮಾಡಿದೆಯೇ ನೋಡಿ. ಫೋರ್ಸ್ ಆಯ್ಕೆ ಕೊಟ್ಟು ತುರುಕಬೇಡಿ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಥವಾ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಬಂದರೆ ಸಹಿಯ ತಕರಾರು. ಸೆಕ್ಯೂರ್ ಬೂಟ್ (ಸಹಿ ಇರುವ ಕೋಡ್ ಮಾತ್ರ ಓಡಬಿಡುವ ವ್ಯವಸ್ಥೆ) ಆನ್ ಇರುತ್ತದೆ, ಮಾಡ್ಯೂಲ್‌ಗೆ ಸಹಿ ಇಲ್ಲ ಅಥವಾ ಆ ಕೀಯನ್ನು ಮೆಷಿನ್ ನಂಬುವುದಿಲ್ಲ. ಮೊಕ್‌ಯುಟಿಲ್ ಬಳಸಿ ಕೀ ಸೇರಿಸಿ. ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಅದನ್ನು ಒಪ್ಪಬೇಕು, ಆಗ ಕನ್ಸೋಲ್ ಎದುರು ಯಾರಾದರೂ ಇರಲೇಬೇಕು. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಸೆಕ್ಯುರಿಟಿ ಮಾಡ್ಯೂಲ್ ಹಾಕಲು ಸೆಕ್ಯುರಿಟಿ ತೆಗೆಯುವುದು ಎಂಥ ಲೆಕ್ಕ?

ಬರೀ ‘ಆಪರೇಷನ್ ನಾಟ್ ಪರ್ಮಿಟೆಡ್’ ಬಂದರೆ ಡಿಮೆಸೇಜ್‌ನಲ್ಲಿ ಲಾಕ್‌ಡೌನ್ (ರೂಟ್‌ಗೂ ಕರ್ನಲ್ ಬದಲಿಸಲು ಬಿಡದ ಎಲ್‌ಎಸ್‌ಎಂ) ಅನ್ನುವ ಪದ ಹುಡುಕಿ. ಅದೂ ಇಲ್ಲದಿದ್ದರೆ ‘ಕರ್ನಲ್.ಮಾಡ್ಯೂಲ್ಸ್_ಡಿಸೇಬಲ್ಡ್’ ಬೆಲೆ 1 ಆಗಿದೆಯೇ ನೋಡಿ. ಅದನ್ನು ಒಮ್ಮೆ 1 ಮಾಡಿದರೆ ರೀಬೂಟ್ ಆಗುವ ತನಕ ರೂಟ್ ಕೂಡ ವಾಪಸ್ ಮಾಡಲು ಆಗುವುದಿಲ್ಲ.

ಮಾಡ್ಯೂಲ್ ಇದೆ, ಪಾಲಿಸಿ ಇಲ್ಲ

ಪಟ್ಟಿಯಲ್ಲಿ ಆ್ಯಪ್‌ಆರ್ಮರ್ ಇದ್ದು, ಎಎ-ಸ್ಟೇಟಸ್ ಮಾತ್ರ ಪ್ರೊಫೈಲ್ ಸೊನ್ನೆ ಅಂದರೆ ಆ್ಯಪ್‌ಆರ್ಮರ್ ಸರ್ವಿಸ್‌ನ ಜರ್ನಲ್ ಓದಿ. ಸರ್ವಿಸ್ ಓಡದೇ ಇದ್ದಿರಬಹುದು, ಅಥವಾ ಯಾವುದೋ ಪ್ರೊಫೈಲ್ ಫೈಲ್‌ನಲ್ಲಿ ವ್ಯಾಕರಣ ತಪ್ಪಿರಬಹುದು.

ಪ್ರೊಫೈಲ್ ಲೋಡ್ ಆಗಿದೆ, ಆದರೂ ಪ್ರೋಸೆಸ್ ‘ಅನ್‌ಕನ್‌ಫೈನ್ಡ್, ಆದರೆ ಪ್ರೊಫೈಲ್ ಇದೆ’ ಅನ್ನುವ ಗುಂಪಿನಲ್ಲಿ ಕಂಡರೆ, ಆ ಪ್ರೋಸೆಸ್ ಪ್ರೊಫೈಲ್‌ಗಿಂತ ಮುಂಚೆ ಎದ್ದಿದೆ. ಪ್ರೋಗ್ರಾಂ ಶುರುವಾಗುವ ಹೊತ್ತಿಗೆ ಪ್ರೊಫೈಲ್ ಅಂಟಬೇಕು. ನಡುವೆ ಬಂದದ್ದು ಹಳೆಯ ಪ್ರೋಸೆಸ್‌ಗೆ ಅಂಟುವುದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿ. ಮೇಲೆ 2008ರ ಕಥೆಯಲ್ಲಿ ಹೇಳಿದ ಕಷ್ಟವೇ ಇಲ್ಲಿ ಚಿಕ್ಕದಾಗಿ ಕಾಣಿಸುತ್ತಿದೆ.

ಎಸ್‌ಇಲಿನಕ್ಸ್ ಆನ್ ಮಾಡಿದ ಮೇಲೆ ಬೂಟ್ ಆಗುತ್ತಿಲ್ಲ

ಮೊದಲು ಮೆಷಿನ್ ಎಬ್ಬಿಸೋಣ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ‘ಎನ್‌ಫೋರ್ಸಿಂಗ್=0’ ಸೇರಿಸಿ ಬೂಟ್ ಮಾಡಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ‘ಎಸ್‌ಇಲಿನಕ್ಸ್=0’ ಕೊಡಬೇಡಿ. ಅದು ಪೂರ್ತಿ ಆಫ್ ಮಾಡುತ್ತದೆ, ಆಗ ಹುಟ್ಟುವ ಹೊಸ ಫೈಲ್‌ಗಳಿಗೂ ಲೇಬಲ್ (ಎಸ್‌ಇಲಿನಕ್ಸ್ ನೋಡುವ ಗುರುತು) ಇರುವುದಿಲ್ಲ, ತೊಂದರೆ ಇನ್ನಷ್ಟು ಬೆಳೆಯುತ್ತದೆ.

ತೊಂದರೆಯ ಮೂಲವೂ ಲೇಬಲ್‌ನಲ್ಲೇ ಇದೆ. ಆಫ್ ಇದ್ದ ತಿಂಗಳುಗಳಲ್ಲಿ ಹುಟ್ಟಿದ, ಬದಲಾದ ಫೈಲ್‌ಗಳಿಗೆ ಸರಿಯಾದ ಲೇಬಲ್ ಸಿಕ್ಕಿಲ್ಲ. ಎನ್‌ಫೋರ್ಸಿಂಗ್, ಅಂದರೆ ತಡೆಯುವ ಮೋಡ್‌ನಲ್ಲಿ ನೇರ ಎದ್ದರೆ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಂಡಿ ಕೂಡ ತನಗೆ ಬೇಕಾದ ಫೈಲ್ ಮುಟ್ಟಲಾರದೆ ನಿಲ್ಲಬಹುದು. ಆದ್ದರಿಂದ ಎಸ್‌ಇಲಿನಕ್ಸ್ ಕಾನ್ಫಿಗ್ ಫೈಲ್‌ನಲ್ಲಿ ಪರ್ಮಿಸಿವ್ (ತಡೆಯದೆ ಬರೀ ಲಾಗ್ ಮಾಡುವ ಮೋಡ್) ಅಂತ ಬರೆಯಿರಿ. ರೂಟ್ ಫೋಲ್ಡರ್‌ನಲ್ಲಿ ‘.ಆಟೋರೀಲೇಬಲ್’ ಹೆಸರಿನ ಖಾಲಿ ಫೈಲ್ ಇಟ್ಟು ರೀಬೂಟ್ ಮಾಡಿ. ಡಿಸ್ಕ್ ದೊಡ್ಡದಿದ್ದರೆ ಇದು ತುಂಬ ಹೊತ್ತು ಹಿಡಿಯುತ್ತದೆ. ಸಿಕ್ಕಿಹಾಕಿಕೊಂಡಿದೆ ಅಂತ ಪವರ್ ತೆಗೆಯಬೇಡಿ.

ಇದರ ತಿರುಗುಮುರುಗು ದೂರೂ ಬರುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ‘ಎಸ್‌ಇಲಿನಕ್ಸ್=ಡಿಸೇಬಲ್ಡ್’ ಅಂತ ಬರೆದರೂ ಎಲ್‌ಎಸ್‌ಎಂ ಪಟ್ಟಿಯಲ್ಲಿ ಎಸ್‌ಇಲಿನಕ್ಸ್ ಕಾಣುತ್ತದೆ. ಹೊಸ ಕರ್ನಲ್‌ನಲ್ಲಿ ಅದು ಸರಿಯೇ. ಓಡುವಾಗ ಎಸ್‌ಇಲಿನಕ್ಸ್ ಅನ್ನು ಕಳಚುವ ಸೌಲಭ್ಯವನ್ನು 6.4ರಲ್ಲಿ ತೆಗೆದರು, ಫೆಡೋರಾ ಅದಕ್ಕೂ ಮುಂಚೆ 34ರಲ್ಲೇ ಕೈಬಿಟ್ಟಿತ್ತು. ಈಗ ಆ ಸಾಲಿನ ಅರ್ಥ ‘ಪಾಲಿಸಿ ಲೋಡ್ ಮಾಡಬೇಡ’ ಅಂತ ಮಾತ್ರ.

ದೂರದ ಸರ್ವರ್ ಆದರೆ ರೀಬೂಟ್‌ಗೆ ಮುಂಚೆ

ಈ ಬದಲಾವಣೆಗಳೆಲ್ಲ ರೀಬೂಟ್ ಕೇಳುತ್ತವೆ. ಎದ್ದು ಬಾರದಿದ್ದರೆ ಎಸ್‌ಎಸ್‌ಎಚ್ ಕೂಡ ಇರುವುದಿಲ್ಲ. ಸೀರಿಯಲ್ ಕನ್ಸೋಲ್ ಅಥವಾ ಐಪಿಎಂಐ (ದೂರದಿಂದ ಮೆಷಿನ್ ನಿಯಂತ್ರಿಸುವ ವ್ಯವಸ್ಥೆ) ನಿಜವಾಗಿಯೂ ತೆರೆಯುತ್ತದೆಯೇ ಅಂತ ಮೊದಲೇ ನೋಡಿ. ಪಾಸ್‌ವರ್ಡ್ ಯಾರ ಬಳಿ ಇದೆ ಅಂತಲೂ ಕೇಳಿ. ಗ್ರಬ್‌ನಲ್ಲಿ ಡೀಫಾಲ್ಟ್ ಅನ್ನು ‘ಸೇವ್ಡ್’ ಮಾಡಿ, ಹಳೆಯ ಎಂಟ್ರಿಯನ್ನೇ ಡೀಫಾಲ್ಟ್ ಆಗಿ ಬಿಟ್ಟು, ಗ್ರಬ್-ರೀಬೂಟ್‌ನಿಂದ ಹೊಸ ಎಂಟ್ರಿಯನ್ನು ಒಂದೇ ಸಲಕ್ಕೆ ಆರಿಸಿ. ಹೊಸ ಎಂಟ್ರಿಯ ಸಾಲಿನಲ್ಲಿ ‘ಪ್ಯಾನಿಕ್=30’ ಇದ್ದರೆ, ಕರ್ನಲ್ ಪ್ಯಾನಿಕ್ ಆದ 30 ಸೆಕೆಂಡ್‌ಗೆ ತಾನೇ ರೀಬೂಟ್ ಆಗಿ ಹಳೆಯದಕ್ಕೆ ಮರಳುತ್ತದೆ. ಪ್ಯಾನಿಕ್ ಆಗದೆ ಸುಮ್ಮನೆ ನಿಂತುಬಿಟ್ಟರೆ ಇದು ಕೆಲಸಕ್ಕೆ ಬಾರದು. ಅದಕ್ಕೇ ಕನ್ಸೋಲ್ ಬೇಕು ಅಂದದ್ದು.

ಎದ್ದ ಮೇಲೆ /ಸಿಸ್/ಕರ್ನಲ್/ಸೆಕ್ಯುರಿಟಿ/ಎಲ್‌ಎಸ್‌ಎಂ ಸಾಲನ್ನು ರೀಬೂಟ್‌ಗೆ ಮುಂಚಿನ ಸಾಲಿನ ಜೊತೆ ಹೋಲಿಸಿ. ಸೇರಿದ್ದು ಕಾಣಬೇಕು, ಇದ್ದದ್ದು ಒಂದೂ ಹೋಗಿರಬಾರದು. ನಿಮ್ಮ ಮಾನಿಟರಿಂಗ್‌ನಲ್ಲಿ ಈ ಒಂದು ಸಾಲನ್ನೂ ಸೇರಿಸಿ, ಬದಲಾದರೆ ಅಲಾರಂ ಬರುವ ಹಾಗೆ ಮಾಡಿ. ಮುಂದಿನ ಸಲ ಯಾರಾದರೂ ಗ್ರಬ್ ಫೈಲ್ ಮುಟ್ಟಿದಾಗ ಅದೇ ದಿನ ಗೊತ್ತಾಗುತ್ತದೆ.